ಮೋಡವೆಂದು ತಳ್ಳಿದ ಚಿತ್ರಗಳು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಕಣ್ಣಕ್ಕ ಎಂದೇ ಕರೆಯುತ್ತಿದ್ದರು. ಉಪಗ್ರಹ ಕಳಿಸುವ ಚಿತ್ರಗಳನ್ನು ಇಳಿಸಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದನ್ನೂ ನೋಡಿ, ಅಂತರ್ಜಾಲದ ಕ್ಲೌಡ್‌ಗೆ ಏರಿಸುವುದು ಅವಳ ಕೆಲಸ. ಗುಡ್ಡ, ಕೆರೆಗಳನ್ನು ಕಾಯುವ ಇಲಾಖೆಯವರು ಅವನ್ನು ಅಲ್ಲಿಂದ ತೆಗೆದುಕೊಳ್ಳುತ್ತಿದ್ದರು. ವರ್ಷಗಟ್ಟಲೆ ಇದನ್ನೇ ಮಾಡಿ ಅವಳ ಕತ್ತು ಹಿಡಿದುಕೊಂಡಿತ್ತು. "ಇದನ್ನೆಲ್ಲ ಯಂತ್ರವೇ ಮಾಡೋ ಹಾಗೆ ಮಾಡಮ್ಮ" ಎಂದು ಮೇಲಧಿಕಾರಿ ಹೇಳಿದಾಗ ಖುಷಿಯಿಂದಲೇ ಕೂತು ಪ್ರೋಗ್ರಾಂ ಬರೆದಳು. ಚಿತ್ರ ತಾನಾಗಿ ಇಳಿಯಿತು, ಊರಿಗೊಂದರಂತೆ ತುಂಡಾಯಿತು, ತಾನಾಗಿ ಏರಿತು. ಬಿಳುಪು ಹೆಚ್ಚಿದ್ದರೆ ಮೋಡ ಮುಸುಕಿದೆ ಎಂದು ಪಕ್ಕಕ್ಕೆ ಬಿತ್ತು.

"ಮೋಡಕ್ಕೇ ಕ್ಲೌಡ್‌ನಲ್ಲಿ ಜಾಗ ಇಲ್ಲ ಅನ್ನು!" ಎಂದು ಮೇಲಧಿಕಾರಿ ನಕ್ಕರು. ಅವಳೂ ನಕ್ಕಳು.

ಆಮೇಲೆ ಪಕ್ಕಕ್ಕೆ ಬಿದ್ದ ಚಿತ್ರಗಳನ್ನು ಯಾರೂ ನೋಡಲಿಲ್ಲ.

ಗುಡ್ಡದ ಬುಡದ ಊರಲ್ಲಿದ್ದ ತಂಗಿ ಒಂದು ಮಧ್ಯಾಹ್ನ ಫೋನ್ ಮಾಡಿದಳು. "ಅಕ್ಕಾ, ಅಡುಗೆಮನೆ ಬಾಗಿಲು ಮುಚ್ಚೋಕೇ ಬರ್ತಿಲ್ಲ ಕಣೆ. ಬಡಗಿ ಎರಡು ಸಲ ಹೆರೆದು ಹೋದ."

"ಥಂಡಿಗೆ ಮರ ಉಬ್ಬಿರತ್ತೆ ಬಿಡು. ಅಲ್ಲಿ ತಿಂಗಳಿಂದ ಮೋಡ ತಾನೆ?"

"ಎಲ್ಲಿಯ ಮೋಡ? ಬಿಸಿಲಿಗೆ ತಲೆ ಸಿಡೀತಿದೆ!"

ಕಣ್ಣಕ್ಕ ಫೋನ್ ಹಿಡಿದೇ ಕಂಪ್ಯೂಟರ್ ಕಡೆ ತಿರುಗಿದಳು. ತಂಗಿಯ ಊರಿನ ಚಿತ್ರಗಳೆಲ್ಲ ಮೋಡದ ಲೆಕ್ಕದಲ್ಲಿ ಪಕ್ಕಕ್ಕೆ ಬಿದ್ದಿದ್ದವು. ತೆರೆದು ನೋಡಿದಳು. ಮೋಡ ಇರಲಿಲ್ಲ. ಊರಿನ ನೆತ್ತಿಯ ಮೇಲೆ ಗುಡ್ಡದ ಹಸಿರು ಸೀಳಿ, ಸುಣ್ಣದಂಥ ಕಲ್ಲು ಬಾಯಿಬಿಟ್ಟಿತ್ತು. ಮುಂದಿನ ಚಿತ್ರದಲ್ಲಿ ಸೀಳು ಇನ್ನೂ ಅಗಲ; ತಂಗಿಯ ಬಾಗಿಲು ಬಿಗಿದದ್ದು ನೆಲ ಜರುಗಿದ್ದಕ್ಕೆ. ಆ ಬಿಳಿ ಕಲ್ಲನ್ನೇ ಯಂತ್ರ ಮೋಡವೆಂದು ತಳ್ಳುತ್ತ ಬಂದಿತ್ತು.

ಮೇಲಧಿಕಾರಿ ನೋಡಿದವರೇ ಇಲಾಖೆಗೆ ಫೋನ್ ಹಚ್ಚಿದರು. ಸಂಜೆಯೊಳಗೆ ಊರು ಖಾಲಿಯಾಯಿತು. ತಂಗಿ, ಅವಳ ಗಂಡ, ಅತ್ತೆ ಕಣ್ಣಕ್ಕನ ಮನೆ ಸೇರಿದರು. ಆದರೆ ಗುಡ್ಡ ಬೀಳಲಿಲ್ಲ. ವಾರ ಕಳೆಯಿತು. "ನಿಮ್ಮಕ್ಕ ಆಕಾಶದಿಂದ ಇಣುಕಿ ನಮ್ಮನ್ನ ಬೀದಿಪಾಲು ಮಾಡಿದಳು" ಎಂದು ಅತ್ತೆ ಗೊಣಗಿದರು. ಊರ ದಾರಿಗೆ ಇಲಾಖೆ ಹಾಕಿದ್ದ ಕಾವಲಿನವರ ಕಣ್ಣು ತಪ್ಪಿಸಿ ಜನ ಒಬ್ಬೊಬ್ಬರಾಗಿ ಮನೆಗೆ ಮರಳತೊಡಗಿದರು. ಕೊನೆಗೆ ತಂಗಿಯೂ ಗಂಟುಮೂಟೆ ಕಟ್ಟಿದಳು.

ಮಳೆ ಹಿಡಿಯಿತು. ಕಣ್ಣಕ್ಕ ರಜೆ ಹಾಕಿ ತಂಗಿಯ ಊರಿನ ಬಸ್ಸು ಹತ್ತಿದಳು.

ತಂಗಿ ಹಿತ್ತಿಲಲ್ಲಿ ನಿಂತು ಕೈತೋರಿದಳು. "ನೋಡೆ, ಎಲ್ಲಿದೆ ನಿನ್ನ ಸೀಳು?" ನಿಜ, ಕೆಳಗಿನಿಂದ ನೋಡಿದರೆ ಮರಗಳ ಮರೆ, ಬರೀ ಹಸಿರು. ಹಿತ್ತಿಲ ಕಾಲುವೆಯಲ್ಲಿ ಮಾತ್ರ ನೀರು ಹಾಲಿನಂತೆ ಬೆಳ್ಳಗೆ ಹರಿಯುತ್ತಿತ್ತು.

"ಇದು ಯಾವಾಗಿಂದ?"

"ಬೆಳಿಗ್ಗೆಯಿಂದ."

ಸೀಳಿನ ಬಿಳಿ ಕಲ್ಲೇ ಪುಡಿಯಾಗಿ ನೀರಿನಲ್ಲಿ ಬರುತ್ತಿದೆ ಎಂದು ತಿಳಿದು ಕಣ್ಣಕ್ಕ ಒಳಗೆ ಓಡಿದಳು. ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು. ನೆರೆಮನೆಗಳ ಬಾಗಿಲು ಬಡಿದು ಕೂಗಿದಳು. ಕೆಲವರು ಹೊರಟರು, ಕೆಲವರು "ಮತ್ತೆ ಶುರುವಾಯ್ತು" ಎಂದು ನಕ್ಕು ಬಾಗಿಲು ಹಾಕಿಕೊಂಡರು.

ಸಂಜೆ ಗುಡ್ಡ ಕುಸಿದು ಊರಿನ ಮೇಲೆ ಇಳಿಯಿತು. ಬಾಗಿಲು ಹಾಕಿಕೊಂಡವರು ಸಿಗಲಿಲ್ಲ.

ತಂಗಿಯ ಸಂಸಾರ ಈಗಲೂ ಅಕ್ಕನ ಮನೆಯಲ್ಲೇ ಇದೆ. ಬಿಳುಪನ್ನೆಲ್ಲ ಮೋಡವೆನ್ನುವ ಆ ನಿಯಮವನ್ನು ಕಣ್ಣಕ್ಕ ಪ್ರೋಗ್ರಾಂನಿಂದ ತೆಗೆದುಹಾಕಿದ್ದಾಳೆ. ಬೇರೆ ಊರುಗಳ ಹೆಸರಿನಲ್ಲಿ ಪಕ್ಕಕ್ಕೆ ಬಿದ್ದ ಚಿತ್ರಗಳು ಇನ್ನೂ ರಾಶಿ ಇವೆ. ಒಂದೊಂದಾಗಿ ತೆರೆಯುತ್ತಿದ್ದಾಳೆ. ನಿನ್ನೆ ತೆರೆದ ಒಂದರಲ್ಲಿ, ಶಾಲೆಯೊಂದರ ಹಿಂದಿನ ಇಳಿಜಾರಿನಲ್ಲಿ, ದಾರದಷ್ಟು ತೆಳ್ಳಗೆ ಬಿಳಿ ಗೆರೆ ಕಂಡಿತು.