ಅಣ್ಣನ ಕೈ, ಅಪ್ಪನ ಬ್ಲೋಲ್ಯಾಂಪ್

ಅಣ್ಣ ಎಸೆದ ಸ್ಕ್ರೇಪರ್ ಅವಳ ಕಿವಿಯಿಂದ ಒಂದು ಗೇಣು ದೂರದಲ್ಲಿ ಹಳೆಯ ಬಾಗಿಲಿನ ಹಲಗೆಗೆ ಕಚ್ಚಿಕೊಂಡು ನಿಂತಿತು. ಅದರ ಹಿಡಿ ಇನ್ನೂ ಅದುರುತ್ತಿತ್ತು. ಅವಳು ಅದನ್ನು ಕಿತ್ತು, ಅಂಚು ಮುಕ್ಕಾಗಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡಿ, ಅದರಲ್ಲೇ ಬಣ್ಣ ಕೆರೆಯತೊಡಗಿದಳು. ಹಲಗೆಗೆ ಬಿದ್ದ ಗಾಯಕ್ಕೆ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದರಾಯಿತು ಎಂದುಕೊಂಡಳು. ಕಿವಿಯ ಬಗ್ಗೆ ಏನೂ ಅಂದುಕೊಳ್ಳಲಿಲ್ಲ.

ಅವಳು ಮಾಡಿದ ಅಪರಾಧ ಇಷ್ಟೇ: "ಅಣ್ಣ, ಜ್ವಾಲೆ ಸ್ವಲ್ಪ ಹಿಂದೆ ಹಿಡಿ, ಮರ ಕಪ್ಪಾಗ್ತಿದೆ" ಎಂದಿದ್ದಳು.

ಬೀದಿಯವರು ಅವಳನ್ನು ಗೀರಕ್ಕ ಎನ್ನುತ್ತಿದ್ದರು. ಮನೆಯ ಹಿಂದಿನ ತಗಡಿನ ಶೆಡ್ಡಿನಿಂದ ಬೆಳಗಿನಿಂದ ಸಂಜೆಯವರೆಗೆ ಗೀರ್ ಗೀರ್ ಎಂಬ ಸದ್ದು ಬರುತ್ತಿದ್ದುದರಿಂದ ಆ ಹೆಸರು. ಹಳೆಯ ಕಟ್ಟಡಗಳ ಬಾಗಿಲು, ಕಿಟಕಿ, ಮೆಟ್ಟಿಲ ಕಟಕಟೆ ಏನೇ ಬರಲಿ, ಅದರ ಮೇಲೆ ನೂರು ವರ್ಷದಿಂದ ಬಳಿದ ಬಣ್ಣವನ್ನೆಲ್ಲ ಸುಲಿದು ಒಳಗಿನ ಮರವನ್ನು ಹೊರಗೆ ತರುವುದು ಆ ಮನೆಯ ಕಸುಬು. ಅಣ್ಣ ಬ್ಲೋಲ್ಯಾಂಪ್ ಹಿಡಿದು ಬಣ್ಣ ಸುಡುತ್ತಿದ್ದ, ತಂಗಿ ಪಕ್ಕದಲ್ಲೇ ನಿಂತು ಉಬ್ಬಿದ ಬಣ್ಣವನ್ನು ಕೆರೆಯುತ್ತಿದ್ದಳು. ಅವಳಿಗೆ ನಲವತ್ತಮೂರು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ನಮ್ಮನೆ ಗಂಡಸರನ್ನ ನೋಡಿದೀನಲ್ಲ, ಸಾಕು" ಎಂದು ನಗುತ್ತಿದ್ದಳು. ಅದು ನಗುವ ಮಾತಾಗಿರಲಿಲ್ಲ.

ಆ ಬ್ಲೋಲ್ಯಾಂಪ್ ಅಪ್ಪನದು. ಹಿತ್ತಾಳೆಯ ಹೊಟ್ಟೆ, ಪಕ್ಕದಲ್ಲೊಂದು ಪಂಪು, ಸೀಮೆಎಣ್ಣೆ ತುಂಬಿ ನಾಲ್ಕು ಸಲ ಒತ್ತಿದರೆ ಭುಸ್ಸೆಂದು ನೀಲಿ ನಾಲಗೆ ಚಾಚುತ್ತಿತ್ತು. ಅಪ್ಪನ ಕೋಪಕ್ಕಾದರೋ ಪಂಪು ಒತ್ತುವ ಅಗತ್ಯವೂ ಇರಲಿಲ್ಲ. ಸಾರು ಆರಿದೆ ಎಂದು ಪಾತ್ರೆ ಎತ್ತಿ ಗೋಡೆಗೆ ಎಸೆಯುತ್ತಿದ್ದ. ಒಮ್ಮೆ ಉರಿಯುತ್ತಿದ್ದ ಬ್ಲೋಲ್ಯಾಂಪನ್ನೇ ಅಮ್ಮನ ಕಡೆ ತಿರುಗಿಸಿದ. ಅಮ್ಮನ ಜಡೆಯ ತುದಿ ಹೊತ್ತಿಕೊಂಡಿತು. ಏಳು ವರ್ಷದ ಗೀರಕ್ಕ ಬಕೆಟ್ಟಿನ ನೀರು ಎರಚಿದಳು. ಅಮ್ಮ ಒದ್ದೆಯಾಗಿ ನಿಂತುಕೊಂಡು "ಏನಿಲ್ಲ, ಹೋಗಿ ಆಟ ಆಡ್ಕೊ" ಎಂದಳು. ನೆಂಟರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಕೆಲಸಗಾರ, ಮೂಗಿನ ತುದೀಲಿ ಕೋಪ, ಹುಟ್ಟುಗುಣ, ಏನು ಮಾಡೋಕಾಗುತ್ತೆ. ಹೀಗೆ ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ಅವರ ಜಡೆ ಯಾರೂ ಸುಟ್ಟಿರಲಿಲ್ಲ.

ಕೊನೆಗಾಲದಲ್ಲಿ ಅಪ್ಪನ ಎರಡೂ ಮಣಿಕಟ್ಟು ಸೋತು ಕೈಗಳು ಜೋತುಬಿದ್ದವು. ಚಮಚ ಎತ್ತಲಾಗದೆ ಅಮ್ಮನ ಕೈಯಿಂದ ಗಂಜಿ ಕುಡಿದು ಸತ್ತ. ಗೀರಕ್ಕ ಅಳಲಿಲ್ಲ.

ಅಮ್ಮನೂ ಹೆಚ್ಚು ದಿನ ಉಳಿಯಲಿಲ್ಲ. ಅಣ್ಣ ಬ್ಲೋಲ್ಯಾಂಪನ್ನೂ ತೆಗೆದುಕೊಂಡ, ಕೋಪವನ್ನೂ ತೆಗೆದುಕೊಂಡ. ಅತ್ತಿಗೆ ಮದುವೆಯಾಗಿ ಬಂದ ಎರಡನೇ ತಿಂಗಳಿಗೇ ತುಟಿ ಒಡೆದುಕೊಂಡಿದ್ದಳು. ಹದಿನೈದು ವರ್ಷದಲ್ಲಿ ಒಂದು ಹಲ್ಲು, ಒಂದು ಕಿವಿಯ ಕೇಳುವಿಕೆ ಕಳೆದುಕೊಂಡಳು. ಮಂಚದ ಕೆಳಗೆ ಅವಳದೊಂದು ಕಂದು ಚೀಲ ಸದಾ ತುಂಬಿರುತ್ತಿತ್ತು: ಎರಡು ಸೀರೆ, ಟವೆಲ್ಲು, ಓದಿದ ಕಾಲದ ಸರ್ಟಿಫಿಕೇಟು. "ಇನ್ನೊಂದೇ ಏಟು, ಹೊರಟೆ" ಎಂದು ನಾದಿನಿಗೆ ಹೇಳುತ್ತಿದ್ದಳು. ಏಟು ಬೀಳುತ್ತಿತ್ತು, ಚೀಲ ಅಲ್ಲೇ ಇರುತ್ತಿತ್ತು.

ಸ್ಕ್ರೇಪರ್ ಎಸೆದ ವಾರದಲ್ಲೇ ಅಣ್ಣನ ಬಲಗೈ ಸೋತಿತು. ಅಂಗಿಯ ಗುಂಡಿ ಹಾಕಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿದ. ಜೋತುಬಿದ್ದ ಆ ಕೈಯನ್ನು ಗೀರಕ್ಕ ಕಂಡಕೂಡಲೇ ಗುರುತು ಹಿಡಿದಳು. ಅದೇ ಅಪ್ಪನ ಕೈ. ಬೈಗುಳ ಕೇಳಿಸಿಕೊಳ್ಳುತ್ತಲೇ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ಅವನ ಒಸಡು ನೋಡಿದರು, ಕೈ ಎತ್ತಿಸಿ ನೋಡಿದರು, ಕಸುಬು ಕೇಳಿದರು. ಹೇಳುತ್ತಿದ್ದಂತೆ ಪೆನ್ನು ಕೆಳಗಿಟ್ಟರು.

"ಹಳೇ ಬಣ್ಣದಲ್ಲಿ ಸೀಸ ಇರುತ್ತೆ. ಜ್ವಾಲೆ ಹಿಡಿದ್ರೆ ಅದು ಹೊಗೆಯಾಗುತ್ತೆ, ನೀವು ಉಸಿರಲ್ಲಿ ಎಳ್ಕೋತೀರಿ. ನರ ಹೋಗುತ್ತೆ, ಹೊಟ್ಟೆ ಹೋಗುತ್ತೆ. ನಿದ್ದೆ ಇರಲ್ಲ, ಸಿಟ್ಟು ಜಾಸ್ತಿ ಆಗುತ್ತೆ."

"ಸಿಟ್ಟು?" ಎಂದಳು ಗೀರಕ್ಕ.

"ಆಗಬಹುದು. ಕೆಲವರಿಗೆ ಆಗುತ್ತೆ. ನೀವೂ ಪಕ್ಕದಲ್ಲೇ ನಿಂತು ಕೆಲಸ ಮಾಡ್ತೀರಲ್ಲ, ನಿಮ್ಮ ರಕ್ತಾನೂ ನೋಡೋಣ."

ಎರಡು ಚೀಟಿ ಬಂದವು. ಅಣ್ಣನದರಲ್ಲಿ ಸೀಸ ಎಂಬತ್ತಾರು ಎಂದಿತ್ತು, ಹತ್ತರ ಒಳಗಿದ್ದರೂ ಒಳ್ಳೆಯದಲ್ಲವಂತೆ. ತನ್ನ ಚೀಟಿಯನ್ನು ಗೀರಕ್ಕ ಓದಿದಳು, ಮಡಚಿದಳು, ಸಾಣೆಕಲ್ಲಿನ ಡಬ್ಬಿಯ ತಳದಲ್ಲಿಟ್ಟಳು. ಇಬ್ಬರಿಗೂ ಮಾತ್ರೆ ಬರೆದುಕೊಟ್ಟಿದ್ದರು. ತನ್ನದನ್ನು ಯಾರಿಗೂ ಕಾಣದಂತೆ ನುಂಗಿದಳು, ಯಾಕೆಂದರೆ ಅವಳ ತಲೆಯಲ್ಲಿ ಆಗ ಒಂದೇ ಮಾತು ತುಂಬಿಕೊಂಡಿತ್ತು: ಸಿಟ್ಟು ಹೊಗೆಯಿಂದ ಬಂದದ್ದು. ಅಪ್ಪ ಕೆಟ್ಟವನಲ್ಲ, ಅಪ್ಪನಿಗೆ ವಿಷವೇರಿತ್ತು. ಅಂದು ಶೆಡ್ಡಿನಲ್ಲಿ ಕೂತು, ಸತ್ತ ಹದಿನಾರು ವರ್ಷದ ಮೇಲೆ, ಅಪ್ಪನಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು.

ಕಣ್ಣೊರೆಸಿಕೊಂಡು ನೇರ ಅತ್ತಿಗೆಯ ಹತ್ತಿರ ಹೋದಳು. "ಅತ್ತಿಗೆ, ಚೀಲ ಬಿಚ್ಚು. ಅವನಲ್ಲ ಹೊಡೀತಿದ್ದದ್ದು, ಆ ಹೊಗೆ. ನಾನು ಬ್ಲೋಲ್ಯಾಂಪ್ ಬಿಡಿಸ್ತೀನಿ, ಬೇರೆ ಸಾಮಾನು ತರ್ತೀನಿ. ವಿಷ ಇಳಿಯೋವರೆಗೆ ತಡ್ಕೊ."

ಅತ್ತಿಗೆ ಮಂಚದ ಕೆಳಗಿನ ಚೀಲವನ್ನು ಕಾಲಿನಿಂದ ಒಳಕ್ಕೆ ತಳ್ಳಿದಳು. "ನೀನು ಹೇಳ್ತಿದೀಯ ಅಂತ ಇರ್ತೀನಿ" ಎಂದಳು.

ಸಾಮಾನು ಆರಿಸಲು ಗೀರಕ್ಕ ಅಂಗಡಿಗೆ ಒಂದು ಹಳೆಯ ಕಿಟಕಿಯ ರೆಕ್ಕೆಯನ್ನೇ ಹೊತ್ತುಕೊಂಡು ಹೋದಳು. ಅಂಗಡಿಯವನು "ಅಕ್ಕಾ, ಸೀರೆ ಅಂಗಡಿಗೆ ಬ್ಲೌಸ್ ಪೀಸ್ ತರೋರನ್ನ ನೋಡಿದೀನಿ, ಕಿಟಕಿ ತರೋರನ್ನ ಇವತ್ತೇ ನೋಡಿದ್ದು" ಎಂದ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಬಿಸಿಗಾಳಿ ಊದುವ ಮೊದಲ ಹೀಟ್ ಗನ್ನಿಗೆ ಎರಡೇ ವೇಗ, ಎರಡೂ ಅತಿ ಬಿಸಿ. ಬಣ್ಣ ಸುಟ್ಟು ಹೊಗೆಯೆದ್ದಿತು. "ಇದು ಬ್ಲೋಲ್ಯಾಂಪಿನ ತಮ್ಮ, ಬೇಡ" ಎಂದು ಪಕ್ಕಕ್ಕಿಟ್ಟಳು. ಎರಡನೆಯದರಲ್ಲಿ ಶಾಖವನ್ನು ಅಂಕಿ ನೋಡಿ ಏರಿಸಿ ಇಳಿಸಬಹುದಿತ್ತು. ಕಡಿಮೆಯಿಂದ ಶುರುಮಾಡಿ, ಹೊಗೆ ಬರದೆ ಬಣ್ಣ ಉಬ್ಬುವ ಹಂತ ಸಿಕ್ಕುವವರೆಗೆ ಒಂದೊಂದೇ ಅಂಕಿ ಏರಿಸಿದಳು. ಕಿಟಕಿಯ ಗಾಜಿನ ಹತ್ತಿರ ಹಿಡಿದಾಗ ಮಾತ್ರ ಚಟ್ ಎಂದು ಗಾಜು ಸೀಳಿತು. ಗಾಜಿಗೆ ಬಿಸಿ ತಾಗದಂತೆ ತಡೆಯುವ ಮೂತಿಯೊಂದನ್ನು ಜೊತೆಗೆ ಕೇಳಿ ಪಡೆದಳು. ಕೆತ್ತನೆಯ ಸಂದಿಗೊಂದಿಗೆ ಇದು ಸಾಕು, ಅಗಲ ಹಲಗೆಗೆ ಏನು ಎಂದಳು.

ಆಗ ಅಂಗಡಿಯವನು ಒಳಗಿನಿಂದ ಇನ್‌ಫ್ರಾರೆಡ್ ಹೀಟರ್ ತಂದ. ಪುಸ್ತಕದಷ್ಟು ಅಗಲದ ಪೆಟ್ಟಿಗೆ, ಒಳಗೆ ಕೆಂಪಗೆ ಕಾಯುವ ಕೊಳವೆ, ಮುಂದೆ ಕಬ್ಬಿಣದ ಜಾಲರಿ. ಮರದ ಮುಂದೆ ಹಿಡಿದು ಗೀರಕ್ಕ ಬಾಯಲ್ಲೇ ಮೂವತ್ತೈದು ಎಣಿಸಿದಳು. ಹೊಗೆಯಿಲ್ಲ. ಸ್ಕ್ರೇಪರ್ ಇಟ್ಟು ಎಳೆದರೆ ಬಣ್ಣದ ಏಳೂ ಪದರ ಬಾಳೆಹಣ್ಣಿನ ಸಿಪ್ಪೆಯಂತೆ ಒಟ್ಟಿಗೆ ಬಂದವು. ಕೆಳಗಿನ ಮರ ಕಪ್ಪಾಗಿರಲಿಲ್ಲ. ಅವಳು ಅದಕ್ಕೆ ಅಲ್ಲೇ ಕೆಂಪು ತಟ್ಟೆ ಎಂದು ಹೆಸರಿಟ್ಟಳು.

ಅವಳು ಮನೆಗೆ ತಂದ ಎರಡನ್ನೂ ನೋಡಿ ಅಣ್ಣ ಹಲ್ಲು ಕಿರಿದ. "ಬಾಗಿಲಿಗೆ ತಲೆ ಸ್ನಾನ ಮಾಡ್ಸಿ ಕೂದಲು ಒಣಗಿಸ್ತೀಯೇನೇ? ಆ ಬ್ಲೋಲ್ಯಾಂಪ್ ಮುಟ್ಟಿದ್ಯೋ, ಕೈ ಮುರೀತೀನಿ."

ಮುಟ್ಟಿದಳು. ಅವನ ಎದುರಿಗೇ ಅದನ್ನು ಕಲ್ಲಿನ ಮೇಲಿಟ್ಟು ದೊಡ್ಡ ಸುತ್ತಿಗೆ ಎತ್ತಿದಳು. ಮೊದಲ ಏಟಿಗೆ ಪಂಪು ಹಾರಿತು, ಎರಡನೆಯದಕ್ಕೆ ಹಿತ್ತಾಳೆಯ ಹೊಟ್ಟೆ ಒಳಕ್ಕೆ ಕುಸಿಯಿತು. ಅಣ್ಣ ಕೂಗುತ್ತ ಮೇಲೆ ಬಿದ್ದ. ಎಡಗೈಯಿಂದ ಅವಳ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದ, ಬಲಗೈಯಿಂದ ಗುದ್ದಲು ಹೋದ. ಆ ಕೈ ಜೋತುಬಿದ್ದಿತ್ತು, ಒದ್ದೆ ಬಟ್ಟೆಯ ಹಾಗೆ ಅವಳ ಕೆನ್ನೆಗೆ ತಾಗಿತು, ಅಷ್ಟೆ. ಅವಳು ಮೊಣಕಾಲಿನಿಂದ ಅವನನ್ನು ನೂಕಿ ಕೆಡವಿ, ಹಣೆಯಿಂದ ಸುರಿಯುತ್ತಿದ್ದ ರಕ್ತ ಒರೆಸದೆಯೇ ಮೂರನೆಯ ಏಟು, ನಾಲ್ಕನೆಯ ಏಟು ಹಾಕಿದಳು. ಬ್ಲೋಲ್ಯಾಂಪ್ ತಟ್ಟೆಯಂತೆ ಚಪ್ಪಟೆಯಾಯಿತು. ಅಣ್ಣ ನೆಲದ ಮೇಲೆ ಕೂತು "ಅಪ್ಪಂದು ಕಣೇ ಅದು" ಎಂದು ಅತ್ತ. ಅವಳಿಗೆ ಅವನ ಮೇಲೆ ಹೇಳಲಾರದಷ್ಟು ಮರುಕ ಬಂತು.

ಆಮೇಲಿನ ಎಂಟು ತಿಂಗಳು ಆ ಮನೆಯಲ್ಲಿ ಯಾವ ಪಾತ್ರೆಯೂ ಗೋಡೆಗೆ ಬೀಳಲಿಲ್ಲ. ಅಣ್ಣ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ. ಗೀರಕ್ಕ ಶೆಡ್ಡಿಗೆ ಹೊಸ ಕಾನೂನು ತಂದಳು: ಮೂಗಿಗೆ ಮುಖವಾಡ, ಕೆರೆದ ಚೂರನ್ನು ಗುಡಿಸುವ ಮೊದಲು ನೀರು ಚಿಮುಕಿಸಬೇಕು, ಕೈ ತೊಳೆಯದೆ ನೀರೂ ಕುಡಿಯುವಂತಿಲ್ಲ, ಕೆಲಸದ ಬಟ್ಟೆ ಮನೆಯೊಳಗೆ ಬರುವಂತಿಲ್ಲ. ದಿನವೂ ಕೆಲಸ ಮುಗಿದ ಮೇಲೆ ಅಣ್ಣನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಡಾಕ್ಟರಮ್ಮ ತೋರಿಸಿದಂತೆ ಬೆರಳು ಬೆರಳನ್ನೂ ಬಗ್ಗಿಸಿ ನೀವುತ್ತಿದ್ದಳು. ಮೊದಲು ಹೆಬ್ಬೆರಳು ಅಲುಗಿತು. ಒಂದು ದಿನ ಅವನೇ ಲೋಟ ಎತ್ತಿ ಕಾಫಿ ಕುಡಿದ. ಅತ್ತಿಗೆಯೂ ನಕ್ಕಳು, ಹೋದ ಹಲ್ಲಿನ ಸಂದು ಕಾಣುವಂತೆ. ಅಂದು ಮಂಚದ ಕೆಳಗಿನ ಚೀಲ ಬಿಚ್ಚಿ ಸೀರೆಗಳನ್ನು ಕಪಾಟಿಗಿಟ್ಟಳು.

ಎಂಟನೆಯ ತಿಂಗಳ ಚೀಟಿಯಲ್ಲಿ ಅಣ್ಣನ ಅಂಕಿ ಹದಿನೆಂಟಕ್ಕೆ ಇಳಿದಿತ್ತು. ಊಟಕ್ಕೆ ಕೂತಾಗ ಅದನ್ನವನು ಗಟ್ಟಿಯಾಗಿ ಓದಿ ಹೇಳಿದ.

ಅದಾದ ನಾಲ್ಕನೆಯ ದಿನ, ಹಾಡಹಗಲು. ಶೆಡ್ಡಿನಲ್ಲಿ ಹಳೆಯ ವಾಚನಾಲಯವೊಂದರ ಬಾಗಿಲು ಮಲಗಿತ್ತು. ಅದರ ಮೇಲ್ವಿಚಾರಕರು ಕೆಲಸ ನೋಡಲು ಬಂದಿದ್ದರು. ಅಣ್ಣ ಕೆಂಪು ತಟ್ಟೆ ಹಿಡಿದು ಅವರಿಗೆ ಏನೋ ವಿವರಿಸುತ್ತ ಎಣಿಕೆ ಮರೆತ. ಕಾಫಿ ತಂದ ಅತ್ತಿಗೆಗೆ ಮರ ಕಮರಿದ ವಾಸನೆ ಬಂತು. "ರೀ, ಜಾಸ್ತಿ ಹೊತ್ತಾಯ್ತು, ತೆಗೀರಿ" ಎಂದಳು. ಮೇಲ್ವಿಚಾರಕರು "ಅಮ್ಮನೇ ಮೇಸ್ತ್ರಿ ಅನ್ನಿ ಹಾಗಾದ್ರೆ" ಎಂದು ನಕ್ಕರು. ಅಣ್ಣನೂ ನಕ್ಕ. ಅವರನ್ನು ಬೀದಿಯವರೆಗೂ ಹೋಗಿ, ನಮಸ್ಕಾರ ಮಾಡಿ ಕಳಿಸಿದ. ವಾಪಸು ಬಂದು ಶೆಡ್ಡಿನ ಬಾಗಿಲನ್ನು ಒಳಗಿನಿಂದ ಎಳೆದು ಚಿಲಕ ಹಾಕಿಕೊಂಡ.

ಗೀರಕ್ಕ ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಅತ್ತಿಗೆಯ ಕಿರುಚಾಟ ಕೇಳಿ ಓಡಿ ಬಂದು ಬಾಗಿಲಿಗೆ ಹೆಗಲು ಕೊಟ್ಟು ಗುದ್ದಿ ಒಳಗೆ ಬಿದ್ದಳು. ಅಣ್ಣ ಬಲಗೈಯಿಂದ ಹೆಂಡತಿಯ ಮುಂಗೈ ಹಿಡಿದು ಕೆಂಪು ತಟ್ಟೆಯ ಜಾಲರಿಗೆ ಒತ್ತಿಕೊಂಡಿದ್ದ. ಅವನ ಹಿಡಿತ ಕಬ್ಬಿಣದಂತಿತ್ತು. "ಎಣಿಸೇ, ನೀನೇ ಎಣಿಸು, ಎಷ್ಟು ಹೊತ್ತು ಇಡ್ಬೇಕು ಹೇಳೇ" ಎನ್ನುತ್ತಿದ್ದ, ಕೂಗದೆ, ಬಹಳ ಸಮಾಧಾನದ ದನಿಯಲ್ಲಿ.

ಗೀರಕ್ಕ ಮರದ ಕೊಡತಿ ತೆಗೆದುಕೊಂಡು ಆ ಬಲಗೈಯ ಮೇಲೇ ಹೊಡೆದಳು. ಎಂಟು ತಿಂಗಳು ನೀವಿದ ಕೈ. ಮೊದಲ ಏಟಿಗೆ ಬಿಡಲಿಲ್ಲ. ಎರಡನೆಯ ಏಟಿಗೆ ಮೂಳೆ ಲಟಕ್ಕೆಂದಿತು, ಆಗ ಬಿಟ್ಟ.

ಅತ್ತಿಗೆಯ ಸುಟ್ಟಗಾಯಕ್ಕೂ ಅವನ ಮುರಿದ ಕೈಗೂ ಒಂದೇ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದರು. ಅವನನ್ನು ಮೊದಲು ಮನೆಗೆ ಕಳಿಸಿದರು. ಗೀರಕ್ಕ ಅತ್ತಿಗೆಯ ಸೀರೆ ಒಯ್ಯಲು ಬಂದಾಗ ಅವನು ಶೆಡ್ಡಿನ ಹೊಸ್ತಿಲ ಮೇಲೆ ಕೂತಿದ್ದ, ಕಣ್ಣು ಒದ್ದೆಯಾಗಿದ್ದವು.

"ಅದು ನಾನಲ್ಲ ಕಣೇ. ನೀನೇ ಹೇಳಿದ್ಯಲ್ಲ. ಇನ್ನೂ ಹದಿನೆಂಟು ಇದೆ ರಕ್ತದಲ್ಲಿ. ಪೂರ್ತಿ ಇಳೀಲಿ, ಅವಳಿಗೆ ಹೇಳು, ಸ್ವಲ್ಪ ತಡ್ಕೋ ಅಂತ."

ಅವಳು ಅವನನ್ನು ದಾಟಿ ಒಳಗೆ ಹೋದಳು. ಸಾಣೆಕಲ್ಲಿನ ಡಬ್ಬಿಯ ತಳದಿಂದ ಎಣ್ಣೆ ಕುಡಿದ ಚೀಟಿ ತೆಗೆದು ಅವನ ಮಡಿಲಿಗೆ ಹಾಕಿದಳು.

"ಓದು."

"ತೊಂಬತ್ತನಾಲ್ಕು" ಎಂದ. "ಇದು ಯಾರ್ದು?"

"ನಂದು. ನಿಂದು ಎಂಬತ್ತಾರು ಬಂತಲ್ಲ, ಅದೇ ದಿನದ್ದು. ನಾನು ಯಾರ ಕೈ ಸುಟ್ಟೆ, ಹೇಳು. ಯಾರ ಹಲ್ಲು ಉದುರಿಸ್ದೆ?"

ಅಣ್ಣ ಚೀಟಿಯನ್ನು ತಿರುವಿ ಹಿಂದಿನ ಖಾಲಿ ಪುಟ ನೋಡಿದ.

"ಈ ಚೀಟಿ ಎಂಟು ತಿಂಗಳಿಂದ ನನ್ನ ಹತ್ರಾನೇ ಇತ್ತು. ನೋಡೋಕೆ ಇಷ್ಟ ಇರಲಿಲ್ಲ ನನಗೆ" ಎಂದಳು. ಅದನ್ನು ಅವನಿಗೆ ಹೇಳಿದಳೋ ಸತ್ತ ಅಪ್ಪನಿಗೆ ಹೇಳಿದಳೋ, ಇಬ್ಬರಿಗೂ ಸಲ್ಲುವ ಮಾತೇ.

ಕಪಾಟಿನ ಸೀರೆಗಳನ್ನು, ಸರ್ಟಿಫಿಕೇಟನ್ನು ಅದೇ ಕಂದು ಚೀಲಕ್ಕೆ ತುಂಬಿ ಆಸ್ಪತ್ರೆಗೆ ಹೊತ್ತೊಯ್ದಳು. ಅಲ್ಲಿಗೆ ಅತ್ತಿಗೆಯ ಅಕ್ಕ ಬಂದಿದ್ದಳು, ಕರೆದೊಯ್ಯಲು. ಗೀರಕ್ಕ ಹಾಸಿಗೆಯ ಪಕ್ಕ ನಿಂತು "ಅತ್ತಿಗೆ, ತಡ್ಕೊ ಅಂದೋಳು ನಾನು" ಎಂದಳು.

"ಹೌದು, ನೀನೇ" ಎಂದಳು ಅತ್ತಿಗೆ. ಸುಡದ ಕೈಯಿಂದ ಚೀಲ ಇಸಿದುಕೊಂಡು, ಅಕ್ಕನ ತೋಳು ಹಿಡಿದು ನಡೆದಳು. ತಿರುಗಿ ನೋಡಲಿಲ್ಲ.

ಅಣ್ಣನ ಸಾಮಾನನ್ನು, ಚಪ್ಪಟೆಯಾದ ಆ ಬ್ಲೋಲ್ಯಾಂಪನ್ನೂ ಸೇರಿಸಿ, ಮರುದಿನ ಬೆಳಿಗ್ಗೆ ಬೀದಿಗಿಟ್ಟು ಗೀರಕ್ಕ ಅವನೆದುರಿಗೇ ಮನೆಗೂ ಶೆಡ್ಡಿಗೂ ಹೊಸ ಬೀಗ ಹಾಕಿಸಿದಳು. ಅವನು ಅರಚಿದ, ಒದ್ದ, ಕೊನೆಗೆ ಹೋದ. ವಾಚನಾಲಯದ ಬಾಗಿಲು ಇನ್ನೂ ಅರ್ಧ ಉಳಿದಿತ್ತು. ಅವಳು ಮುಖವಾಡ ಕಟ್ಟಿಕೊಂಡು ಕೆಂಪು ತಟ್ಟೆಯನ್ನು ಮಡಿಲಿಗೆ ತೆಗೆದುಕೊಂಡಳು. ಜಾಲರಿಯ ಮೂರು ಕಂಬಿಗಳ ಮೇಲೆ ಅತ್ತಿಗೆಯ ಚರ್ಮ ಒಣಗಿ ಅಂಟಿತ್ತು. ಅತಿ ಸಣ್ಣ ಸ್ಕ್ರೇಪರನ್ನು ಆರಿಸಿಕೊಂಡು ಅದನ್ನು ಕೆರೆಯಲು ಕೂತಳು.