ಲಕ್ಕಿಸೊಪ್ಪಿನ ಡ್ರಮ್ಮು ಸಿಡಿದ ದಿನ

ಹೊಸನಗರದ ನಮ್ಮ ಹಿತ್ತಲಲ್ಲಿ ಆ ವರ್ಷ ಬದನೆಗೂ ಮೆಣಸಿಗೂ ಹೇನು ಹತ್ತಿತ್ತು. ಎಲೆ ಮುರುಟಿ, ಹೂವು ಉದುರಿ, ಗಿಡಗಳು ನಿಂತಲ್ಲೇ ಸೊರಗುತ್ತಿದ್ದವು. ತುಮರಿಯಲ್ಲಿರುವ ನನ್ನಕ್ಕ ಫೋನಿನಲ್ಲಿ ಉಪಾಯ ಹೇಳಿದಳು. ಲಕ್ಕಿ, ಬೇವು, ಎಕ್ಕದ ಸೊಪ್ಪು ಜಜ್ಜಿ, ಗಂಜಲ, ಹಳೇ ಬೆಲ್ಲ ಸೇರಿಸಿ ಡ್ರಮ್ಮಿನಲ್ಲಿ ಕೊಳೆಸಬೇಕು. ಆಮೇಲೆ ಸೋಸಿ, ನೀರು ಬೆರೆಸಿ ಸಿಂಪಡಿಸಬೇಕು.

"ಮುಚ್ಚಳ ಬಿಗೀಬೇಡ ಮಾರಾಯ್ತಿ, ಒಳಗಿನ ಗ್ಯಾಸ್ ಹೋಗ್ತಾ ಇರ್ಬೇಕು. ಗೋಣಿ ಮುಚ್ಚು, ಸಾಕು" ಎಂದಳು.

ಹಾಗೇ ಮಾಡಿದೆ. ಮುಚ್ಚಳವನ್ನೂ ಅದನ್ನು ಬಿಗಿಯುವ ಕಬ್ಬಿಣದ ಪಟ್ಟಿಯನ್ನೂ ಪಕ್ಕಕ್ಕಿಟ್ಟೆ. ಕೆಲವೇ ದಿನಗಳಲ್ಲಿ ಸೊಪ್ಪು ಕೊಳೆತು ಹೆಗ್ಗಣ ಸತ್ತಂಥ ನಾತ ಎದ್ದಿತು. ಪಕ್ಕದ ಮನೆಯ ಯಜಮಾನರು ಬೇಲಿಯ ಹತ್ತಿರ ಬಂದರು.

"ಎಂತದಿದು? ನಾಡಿದ್ದು ನಮ್ಮಪ್ಪನ ತಿಥಿ. ನೆಂಟ್ರು ಊಟ ಮಾಡೋದು ಹ್ಯಾಂಗೆ?"

"ಅಷ್ಟರೊಳಗೆ ಸೋಸಿ ಖಾಲಿ ಮಾಡ್ತೀನಿ" ಎಂದೆ. ಅವರು ಹೆಗಲ ಮೇಲಿನ ಬಟ್ಟೆಯಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದರು.

ಮರುದಿನ ಮಧ್ಯಾಹ್ನ ನನ್ನ ಗಂಡ ಟೈಲರ್ ಅಂಗಡಿಯಿಂದ ಊಟಕ್ಕೆ ಬಂದವರು ಡ್ರಮ್ಮು ಕದಡಲು ಹಿತ್ತಲಿಗೆ ಹೋದರು. ನಾನು ಪಾತ್ರೆ ತೊಳೆಯುತ್ತಿದ್ದೆ.

"ಇದನ್ನ ಯಾಕೆ ಬಿಗಿದಿದ್ದೀಯ?"

ನಾನು ತಿರುಗುವಷ್ಟರಲ್ಲಿ ಅವರು ಪಟ್ಟಿಯ ಕೊಂಡಿ ಎತ್ತಿಬಿಟ್ಟಿದ್ದರು. ಬಿಸಿಲಿಗೆ ಉಬ್ಬಿದ್ದ ಡ್ರಮ್ಮು ಸಿಡಿಯಿತು. ಮುಚ್ಚಳ ಹಾರಿ ಹಣೆಗೆ ಬಡಿಯಿತು. ಹುಬ್ಬು ಸೀಳಿ, ರಕ್ತವೂ ಹಸಿರು ರಾಡಿಯೂ ಕೂಡಿ ಅವರ ಕತ್ತಿನವರೆಗೆ ಇಳಿಯಿತು.

ಸದ್ದಿಗೆ ತಮ್ಮ ಹಿತ್ತಲಿಂದ ಬೇಲಿಯ ಹತ್ತಿರ ಓಡಿಬಂದ ಪಕ್ಕದವರು, "ವಾಸ್ನೆ ತಡೀಲಿಕ್ಕಾಗ್ದೆ ನಾನೇ ರಾತ್ರಿ ಬಂದು ಮುಚ್ಚಳ ಬಿಗಿದಿದ್ದು. ಹೀಗಾಗ್ತದೆ ಅಂತ ಗೊತ್ತಿರ್ಲಿಲ್ಲ" ಎಂದರು.

ನನ್ನ ಗಂಡ ಕದಡುವ ಕೋಲು ಹಿಡಿದೇ ಬೇಲಿ ದಾಟಿದರು. ಎಲೆಯ ಮೇಲಿನ ಹುಳವನ್ನು ಕಾಗದದಲ್ಲಿ ಎತ್ತಿ ಆಚೆ ಬಿಡುತ್ತಿದ್ದ ಮನುಷ್ಯ. ಮೊದಲ ಏಟು ಪಕ್ಕದವರ ಹೆಗಲಿಗೆ ಬಿತ್ತು, ಎರಡನೆಯದು ಬಲ ಮುಂಗೈಗೆ. ಮೂಳೆ ಮುರಿದದ್ದು ನನಗೆ ಕೇಳಿಸಿತು. ಬಿದ್ದವರು ಪಾತಿಯ ಬದಿಯಲ್ಲಿ ಎಡಗೈಗೆ ಸಿಕ್ಕಿದ ಹುಲ್ಲು ಕೊಯ್ಯುವ ಕತ್ತಿ ಬೀಸಿದರು, ಅದು ನನ್ನ ಗಂಡನ ಕಾಲಿನ ಮೀನಖಂಡ ಕೊಯ್ಯಿತು. ಆದರೂ ಇವರು ನಿಲ್ಲಲಿಲ್ಲ. ಕೋಲು ಮತ್ತೆ ತಲೆಯ ಮೇಲಕ್ಕೆ ಎದ್ದಾಗ ಆ ಮನೆಯಾಕೆ ಗಂಡನ ಮೇಲೆ ಬಿದ್ದು ಅಡ್ಡವಾದಳು. ಏಟು ಅವಳ ಬೆನ್ನಿಗೆ ಬಿತ್ತು. ನಾನು ಹಿಂದಿನಿಂದ ಇವರ ಸೊಂಟ ತಬ್ಬಿ ಎಳೆದೆ. ಇಬ್ಬರೂ ಅವರ ಸೇವಂತಿಗೆ ಪಾತಿಯೊಳಗೆ ಉರುಳಿದೆವು.

ನಾಲ್ಕೂ ಜನ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. "ಇಬ್ರಿಗೂ ಎಂತಾಯ್ತು?" ಎಂದು ಡಾಕ್ಟರು ಕೇಳಿದರು.

"ಬಿದ್ವಿ" ಎಂದರು ಪಕ್ಕದವರು. ನನ್ನ ಗಂಡ ನೆಲ ನೋಡಿದರು.

ಪಕ್ಕದವರ ಬಲಗೈಗೆ ಪ್ಲಾಸ್ಟರ್ ಹಾಕಿದ್ದರಿಂದ ತಿಥಿಯನ್ನು ಅವರ ತಮ್ಮ ಮಾಡಿದರು. ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ನಾನು ಸೋಸಿ ಸಿಂಪಡಿಸಿದೆ. ಹೇನು ಇಳಿಯಿತು, ಮೆಣಸು ಚಿಗುರಿತು. ನನ್ನ ಗಂಡ ಮಾತ್ರ ಹಿತ್ತಲಿಗೆ ಬರುವುದನ್ನು ಬಿಟ್ಟರು. ಅವರು ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಸದ್ದಿಗೂ ನಾನು ಬೆಚ್ಚುತ್ತಿದ್ದೆ. ಇಷ್ಟು ವರ್ಷ ಜೊತೆಗೆ ಮಲಗಿ ಎದ್ದವರ ಕೈ ನೋಡಿದರೆ ಹೆದರಿಕೆಯಾಗುತ್ತಿತ್ತು.

ಒಂದು ದಿನ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯಾಕೆ ಬೆನ್ನುನೋವಿಗೆ ಕೊಡ ಎತ್ತಲಾರದೆ ನಿಂತಿದ್ದಳು. ನಾನು ಎತ್ತಿಕೊಟ್ಟೆ.

"ಆ ಏಟು ನಮ್ಮನೆಯವ್ರ ತಲೆಗೆ ಬಿದ್ದಿದ್ರೆ ಹೋಗ್ತಿದ್ರು, ಅಲ್ವನೇ" ಎಂದಳು.

ಆ ಮಾತನ್ನು ಮನೆಗೆ ಬಂದು ನನ್ನ ಗಂಡನಿಗೆ ಹೇಳಿದೆ. ಬಟ್ಟೆ ಕತ್ತರಿಸುತ್ತಿದ್ದವರು ಕತ್ತರಿ ಕೆಳಗಿಟ್ಟರು. ಸಂಜೆ ಕುಂಟುತ್ತ, ಬೇಲಿ ದಾಟದೆ, ಸುತ್ತುಬಳಸಿ, ಎದುರಿನ ಗೇಟಿನಿಂದಲೇ ಅವರ ಮನೆಗೆ ಹೋದರು.