ಹಾಜರಿ ಪುಸ್ತಕದಲ್ಲಿಲ್ಲದ ಹೆಸರು

“ನಾನೂ ನಿಂದ್ರತೀನ್ರಿ ಸರ್” ಎಂದು ಕಮಲಾಬಾಯಿ ಕೈ ಎತ್ತಿದಾಗ ಶಾಲೆಯ ಅಂಗಳದಲ್ಲಿ ಕೂತಿದ್ದ ಪಾಲಕರೆಲ್ಲ ತಲೆ ತಗ್ಗಿಸಿದೆವು. ಹುಮನಾಬಾದ್ ರಸ್ತೆ ಬದಿಯ ನಮ್ಮೂರ ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಗೆ ಅಂದು ಸದಸ್ಯರ ಆಯ್ಕೆ. ಮಕ್ಕಳು ಅಲ್ಲೇ ಓದುತ್ತಿದ್ದರಷ್ಟೇ ಪಾಲಕರು ನಿಲ್ಲಬಹುದು. ಕಮಲಾಬಾಯಿಯ ಮಗಳು ಹೋದ ವರ್ಷ ಗೇಟಿಲ್ಲದ ಅದೇ ಅಂಗಳದಿಂದ ರಸ್ತೆಗೆ ಓಡಿ, ಲಾರಿಗೆ ಸಿಕ್ಕು ತೀರಿಕೊಂಡಿದ್ದಳು.

ಹೆಡ್‌ಮಾಸ್ತರರು ಹಾಜರಿ ಪುಸ್ತಕ ಮುಚ್ಚಿ, ಮಗುವಿನ ಹೆಸರು ಇದರಲ್ಲಿ ಇಲ್ಲವಲ್ಲಮ್ಮ ಎಂದರು ಮೆಲ್ಲಗೆ.

“ಹೆಸರ ಹೊಡದ ಹಾಕಿದ್ರೇನಾತ್ರಿ, ಆಕಿ ಅವ್ವ ನಾ ಅಲ್ಲೇನ್ರಿ? ಒಂದ್ ಗೇಟ್ ಹಚ್ಚಿಸಿ ಬಿಟ್ಟು ಹೋಗ್ತೀನ್ರಿ.”

ಹಿಂದಿನ ಸಮಿತಿಯಲ್ಲಿ ನಾನಿದ್ದೆ. ಗೇಟಿನ ಮಾತು ಬಂದಾಗಲೆಲ್ಲ ‘ಮುಂದಿನ ಮೀಟಿಂಗಿನ್ಯಾಗ ನೋಡೋಣ’ ಎಂದವನು ನಾನೇ. ಅಂದು ಮತ್ತೆ ನನ್ನನ್ನೇ ಆರಿಸಿದರು. ನನ್ನ ಮಗಳ ಹೆಸರು ಹಾಜರಿಯಲ್ಲಿದೆ.